ಡೇಟಾ ಎಂಟ್ರಿ ಫಾರ್ಮ್‌ನಲ್ಲಿ ಡ್ರಾಪ್‌ಡೌನ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರೋದು ಬಹುಪಾಲು ಮೈಕ್ರೋಸಾಫ್ಟ್ ಆಕ್ಸೆಸ್ (ಡೇಟಾಬೇಸ್ ಮಾಡೋ ಸಾಫ್ಟ್‌ವೇರ್) ಬಗ್ಗೆ. ಅದ್ರಲ್ಲಿ ಡ್ರಾಪ್‌ಡೌನ್‌ಗೆ ಕಾಂಬೋ ಬಾಕ್ಸ್ ಅಂತಾರೆ, ನಾನೂ ಕಾಂಬೋ ಅಂತಾನೇ ಬರೀತೀನಿ. ಅದೇ ಥರದ ಲಿಬ್ರೆಆಫೀಸ್ ಬೇಸ್ ಬಳಸೋರಿಗೆ ಕೆಳಗಡೆ ಒಂದು ಪ್ರಶ್ನೆ ಬೇರೆ ಇದೆ.

ಹೆಸರು ಕಾಣ್ಬೇಕಿದ್ದ ಜಾಗದಲ್ಲಿ 1, 2, 3 ಅಂತ ನಂಬರ್ ಕಾಣ್ತಿದೆ, ಯಾಕೆ?

ಮೊದಲು ಇದೊಂದು ಅರ್ಥ ಮಾಡ್ಕೊಂಡ್ಬಿಡಿ, ಕೆಳಗಿನ ಅರ್ಧ ಪ್ರಶ್ನೆಗಳು ತಾವಾಗೇ ಬಗೆಹರಿತವೆ. ಕಾಂಬೋದಲ್ಲಿ ಕಣ್ಣಿಗೆ ಕಾಣೋದು ಒಂದು, ಟೇಬಲ್‌ನಲ್ಲಿ ಸೇವ್ ಆಗೋದು ಇನ್ನೊಂದು. ನೀವು "ಲೆಕ್ಕಪತ್ರ ವಿಭಾಗ" ಅಂತ ಆರಿಸಿದ್ರೂ ಒಳಗಡೆ ಹೋಗಿ ಕೂರೋದು ಆ ವಿಭಾಗದ ಐಡಿ, ಅಂದ್ರೆ 3 ಅನ್ನೋ ನಂಬರ್. ಇದು ತಪ್ಪಲ್ಲ, ಹಾಗೇ ಇರ್ಬೇಕು. ನಾಳೆ ವಿಭಾಗದ ಹೆಸರು ಬದಲಾದ್ರೆ ಒಂದೇ ಕಡೆ ತಿದ್ದಿದ್ರೆ ಸಾಕು, ಎಲ್ಲಾ ರೆಕಾರ್ಡಲ್ಲೂ ಹೊಸ ಹೆಸರು ಬರತ್ತೆ.

ಈಗ ನಂಬರ್ ಯಾಕೆ ಕಾಣ್ತಿದೆ ಅಂದ್ರೆ, ಐಡಿ ಕಾಲಂ ಅನ್ನ ಯಾರೂ ಬಚ್ಚಿಟ್ಟಿಲ್ಲ. ಫಾರ್ಮ್ ಅನ್ನ ಡಿಸೈನ್ ವ್ಯೂನಲ್ಲಿ ತೆಗೆದು, ಕಾಂಬೋ ಸೆಲೆಕ್ಟ್ ಮಾಡಿ, ಪ್ರಾಪರ್ಟಿ ಶೀಟ್‌ನಲ್ಲಿ ಫಾರ್ಮ್ಯಾಟ್ ಟ್ಯಾಬ್ ನೋಡಿ. ಕಾಲಂ ಕೌಂಟ್ 2 ಇರ್ಬೇಕು, 1 ಇದ್ರೆ ಮೊದಲ್ನೇದು ಅಂದ್ರೆ ಐಡಿ ಮಾತ್ರ ಬರತ್ತೆ. ಕಾಲಂ ವಿಡ್ತ್ಸ್‌ನಲ್ಲಿ ಮೊದಲ್ನೇದಕ್ಕೆ 0, ಎರಡನೇದಕ್ಕೆ ಬೇಕಾದಷ್ಟು ಅಗಲ, ನಡುವೆ ಸೆಮಿಕೋಲನ್. ಮುಚ್ಚಿರೋ ಕಾಂಬೋ ಯಾವತ್ತೂ ಸೊನ್ನೆಗಿಂತ ಜಾಸ್ತಿ ಅಗಲ ಇರೋ ಮೊದಲ ಕಾಲಂ ಅನ್ನೇ ತೋರ್ಸತ್ತೆ, ಲಿಸ್ಟ್ ಬಿಚ್ಚಿದಾಗ ಎರಡೂ ಕಂಡು ಮುಚ್ಚಿದ ತಕ್ಷಣ ನಂಬರ್ ಒಂದೇ ಉಳಿಯೋದು ಇದಕ್ಕೇನೇ.

ಆರಿಸಿದ್ರೆ "ಈ ಫೀಲ್ಡ್‌ಗೆ ಈ ವ್ಯಾಲ್ಯೂ ಸರಿ ಇಲ್ಲ" ಅನ್ನೋ ಅರ್ಥದ ಎರರ್ ಬರತ್ತೆ. ಲಿಸ್ಟಲ್ಲಿ ಇರೋದನ್ನೇ ತಾನೇ ಆರಿಸಿದ್ದು?

ನೀವು ಆರಿಸಿದ್ದು ಸರಿ, ಕಾಂಬೋ ಕಳಿಸಿದ್ದು ಸರಿ ಇಲ್ಲ. ಟೇಬಲ್‌ನ ಫೀಲ್ಡ್ ನಂಬರ್ ಟೈಪ್, ಆದ್ರೆ ಬೌಂಡ್ ಕಾಲಂ (ಯಾವ ಕಾಲಂ ಸೇವ್ ಆಗ್ಬೇಕು ಅನ್ನೋ ಪ್ರಾಪರ್ಟಿ) ಹೆಸರಿರೋ ಕಾಲಂ ಕಡೆ ತಿರುಗಿದೆ, ಹಾಗಾಗಿ ನಂಬರ್ ಹೋಗೋ ಜಾಗಕ್ಕೆ ಅಕ್ಷರ ಹೋಗ್ತಿದೆ. ಡೇಟಾ ಟ್ಯಾಬ್‌ನಲ್ಲಿ ಬೌಂಡ್ ಕಾಲಂ 1 ಮಾಡಿ (ಐಡಿ ಮೊದಲ ಕಾಲಂ ಆಗಿದ್ರೆ).

ಇದಕ್ಕಿಂತ ಕೆಟ್ಟದ್ದು ಎರರ್ ಬರದೇ ಇರೋದು. ಫೀಲ್ಡ್ ಟೆಕ್ಸ್ಟ್ ಟೈಪ್ ಆಗಿದ್ರೆ ಅದು ಏನು ಕೊಟ್ರೂ ನುಂಗ್ಕೊಳತ್ತೆ, ಕೆಲವು ರೆಕಾರ್ಡಲ್ಲಿ 3 ಅಂತ, ಕೆಲವು ರೆಕಾರ್ಡಲ್ಲಿ "ಲೆಕ್ಕಪತ್ರ" ಅಂತ ಸೇರ್ಕೊಂಡು, ತಿಂಗಳುಗಟ್ಟಲೆ ಆದ್ಮೇಲೆ ರಿಪೋರ್ಟ್ ತೆಗೆದಾಗ ಗೊತ್ತಾಗೋದು. ಅದಕ್ಕೇ ಹೊಸ ಕಾಂಬೋ ಹಾಕಿದ ಮೇಲೆ ಒಂದು ರೆಕಾರ್ಡ್ ಸೇವ್ ಮಾಡಿ ಟೇಬಲ್ ತೆಗೆದು ಅಲ್ಲಿ ಏನು ಬಿದ್ದಿದೆ ಅಂತ ಕಣ್ಣಾರೆ ನೋಡಿ, ಫಾರ್ಮ್ ನಂಬ್ಕೊಂಡು ಕೂರ್ಬೇಡಿ.

ಎಣಿಕೆ ವಿಷಯದಲ್ಲಿ ಒಂದು ಕಿರಿಕಿರಿ ಇದೆ. ಪ್ರಾಪರ್ಟಿ ಶೀಟ್‌ನಲ್ಲಿ ಬೌಂಡ್ ಕಾಲಂ 1ರಿಂದ ಶುರು, ಆದ್ರೆ ವಿಬಿಎ (ಆಕ್ಸೆಸ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡ್‌ನಲ್ಲಿ ಕಾಲಂ ಪ್ರಾಪರ್ಟಿ 0ಯಿಂದ ಶುರು. ಕೋಡಲ್ಲಿ ಎರಡನೇ ಕಾಲಂ ಬೇಕು ಅಂದ್ರೆ 1 ಅಂತ ಕೊಡ್ಬೇಕು. ಇನ್ನು ಬೌಂಡ್ ಕಾಲಂಗೆ 0 ಕೊಟ್ರೆ ಐಡಿನೂ ಅಲ್ಲ ಹೆಸರೂ ಅಲ್ಲ, ಲಿಸ್ಟಲ್ಲಿ ಅದು ಎಷ್ಟನೇ ಸಾಲು ಅನ್ನೋದು ಸೇವ್ ಆಗತ್ತೆ, ಲಿಸ್ಟಿನ ಆರ್ಡರ್ ಬದಲಾದ ದಿನ ಹಳೇ ಡೇಟಾಗೆಲ್ಲ ಅರ್ಥ ಬದಲಾಗಿರತ್ತೆ.

ಬಾಣದ ಗುರುತು ಒತ್ತಿದ್ರೆ ಲಿಸ್ಟ್ ಖಾಲಿ ಬರತ್ತೆ.

ನಿಜವಾಗ್ಲೂ ಖಾಲಿನಾ ಅಥವಾ ಖಾಲಿ ಥರ ಕಾಣ್ತಿದೆಯಾ, ಅದು ಮೊದಲು ನೋಡಿ. ಬಿಳಿ ಬಾಕ್ಸ್ ಉದ್ದಕ್ಕೆ ಬಿಚ್ಚಿಕೊಂಡು ಮೌಸ್ ಆಡಿಸಿದ್ರೆ ಸಾಲುಗಳು ಹೈಲೈಟ್ ಆಗ್ತಿದ್ರೆ ಒಳಗಡೆ ಡೇಟಾ ಇದೆ, ಕಾಲಂ ವಿಡ್ತ್ಸ್‌ನಲ್ಲಿ ಎಲ್ಲಕ್ಕೂ 0 ಬಿದ್ದಿದೆ ಅಷ್ಟೇ. ಅಥವಾ ರೋ ಸೋರ್ಸ್ ಕ್ವೆರಿಯಲ್ಲಿ (ಲಿಸ್ಟಿಗೆ ಬೇಕಾದ ಸಾಲುಗಳನ್ನ ಟೇಬಲ್‌ನಿಂದ ತರೋ ಆದೇಶ) ಕಾಲಂಗಳ ಆರ್ಡರ್ ಯಾರೋ ಬದಲಾಯಿಸಿ, ಬಚ್ಚಿಟ್ಟ ಜಾಗಕ್ಕೆ ಹೆಸರು ಬಂದು ಕೂತಿದೆ, ಕಾಣೋ ಜಾಗದಲ್ಲಿ ಖಾಲಿ ಫೀಲ್ಡ್ ಇದೆ.

ಹೈಲೈಟೂ ಆಗ್ತಿಲ್ಲ ಅಂದ್ರೆ ರೋ ಸೋರ್ಸ್ ಪಕ್ಕದ ಮೂರು ಚುಕ್ಕಿ ಬಟನ್ ಒತ್ತಿ, ಕ್ವೆರಿ ತೆಗೆದು, ಅಲ್ಲೇ ರನ್ ಮಾಡಿ. ಅಲ್ಲಿ ಸಾಲು ಬಂದ್ರೆ ತಪ್ಪು ಕಾಂಬೋದಲ್ಲಿದೆ, ಬರದಿದ್ರೆ ಕ್ವೆರಿಯಲ್ಲಿದೆ. ಜನ ಈ ಒಂದು ಚೆಕ್ ಬಿಟ್ಟು ಉಳಿದಿದ್ದೆಲ್ಲಾ ಮಾಡ್ತಾರೆ. ರೋ ಸೋರ್ಸ್ ಟೈಪ್ ಕೂಡ ನೋಡಿ: ಟೇಬಲ್/ಕ್ವೆರಿ ಇರ್ಬೇಕಾದ ಕಡೆ ವ್ಯಾಲ್ಯೂ ಲಿಸ್ಟ್ ಅಂತಿದ್ರೆ ಕ್ವೆರಿಯ ವಾಕ್ಯವೇ ಲಿಸ್ಟಲ್ಲಿ ಐಟಂ ಆಗಿ ಬರತ್ತೆ, ಫೀಲ್ಡ್ ಲಿಸ್ಟ್ ಅಂತಿದ್ರೆ ಡೇಟಾ ಬದಲು ಫೀಲ್ಡ್‌ಗಳ ಹೆಸರು ಬರತ್ತೆ.

ಬಾಣ ಒತ್ತಿದಾಗ ಪ್ಯಾರಾಮೀಟರ್ ವ್ಯಾಲ್ಯೂ ಕೊಡಿ ಅಂತ ಒಂದು ಪುಟ್ಟ ಬಾಕ್ಸ್ ಬರತ್ತೆ.

ಕ್ವೆರಿಯಲ್ಲಿರೋ ಯಾವುದೋ ಹೆಸರು ಆಕ್ಸೆಸ್‌ಗೆ ಸಿಗ್ತಿಲ್ಲ. ಆ ಬಾಕ್ಸಲ್ಲೇ ಬರ್ದಿರತ್ತೆ ಯಾವ ಹೆಸರು ಅಂತ, ಅದನ್ನ ಓದಿ. ಸ್ಪೆಲಿಂಗ್ ತಪ್ಪಿರತ್ತೆ, ಫೀಲ್ಡ್ ಹೆಸರು ಬದಲಾಗಿರತ್ತೆ, ಇಲ್ಲಾ ಫಾರ್ಮ್ ಅನ್ನ ಕಾಪಿ ಮಾಡಿ ಹೊಸ ಹೆಸರು ಕೊಟ್ಟು ಕ್ವೆರಿಯಲ್ಲಿ ಹಳೇ ಫಾರ್ಮ್ ಹೆಸರು ಹಾಗೇ ಬಿಟ್ಟಿರ್ತಾರೆ. ಸಬ್‌ಫಾರ್ಮ್ ಆದ್ರೆ ಇನ್ನೊಂದು ವಿಷ್ಯ: ಇನ್ನೊಂದು ಫಾರ್ಮ್ ಒಳಗೆ ಕೂತಿರೋ ಫಾರ್ಮ್ ಅನ್ನ ಅದರ ಸ್ವಂತ ಹೆಸರಿನಿಂದ ಕರೆದ್ರೆ ಸಿಗಲ್ಲ, ಮೇನ್ ಫಾರ್ಮ್ ಮೂಲಕ, ಸಬ್‌ಫಾರ್ಮ್ ಕಂಟ್ರೋಲ್ ಹೆಸರು ಹಿಡ್ಕೊಂಡು ಹೋಗ್ಬೇಕು.

ಲಿಸ್ಟ್ ಬರತ್ತೆ, ಆದ್ರೆ ಏನು ಕ್ಲಿಕ್ ಮಾಡಿದ್ರೂ ಸೆಲೆಕ್ಟ್ ಆಗಲ್ಲ.

ಎಡಗಡೆ ಕೆಳಗೆ ಸ್ಟೇಟಸ್ ಬಾರ್ ನೋಡಿ, ಬಹಳ ಸಲ ಕಾರಣ ಅಲ್ಲೇ ಬಂದಿರತ್ತೆ, ಯಾರೂ ಅಲ್ಲಿಗೆ ಕಣ್ಣು ಹಾಯಿಸಲ್ಲ.

ರೆಕಾರ್ಡ್‌ಸೆಟ್ ಅಪ್‌ಡೇಟ್ ಮಾಡೋಕಾಗಲ್ಲ ಅಂತ ಬಂದ್ರೆ ಫಾರ್ಮ್‌ನ ಹಿಂದಿರೋ ಕ್ವೆರಿಯೇ ಓದೋಕೆ ಮಾತ್ರ ಇರೋದು. ಗ್ರೂಪ್ ಬೈ, ಡಿಸ್ಟಿಂಕ್ಟ್, ಯೂನಿಯನ್ ಇರೋ ಕ್ವೆರಿ ಮೇಲೆ ಡೇಟಾ ಎಂಟ್ರಿ ಫಾರ್ಮ್ ಕಟ್ಟಿದ್ರೆ ಹೀಗೇ ಆಗೋದು. ಎಷ್ಟೋ ಜನ ಕಾಂಬೋದಲ್ಲಿ ಹೆಸರು ಕಾಣ್ಲಿ ಅಂತ ಐದಾರು ಟೇಬಲ್ ಅನ್ನ ಫಾರ್ಮ್‌ನ ಕ್ವೆರಿಗೇ ಜಾಯಿನ್ ಮಾಡಿರ್ತಾರೆ, ಅದು ಬೇಕಾಗೇ ಇಲ್ಲ, ಹೆಸರು ತರೋದು ಕಾಂಬೋದ ಸ್ವಂತ ರೋ ಸೋರ್ಸ್ ಕೆಲಸ, ಫಾರ್ಮ್‌ಗೆ ಮೇನ್ ಟೇಬಲ್ ಒಂದಿದ್ರೆ ಸಾಕು. ರೆಕಾರ್ಡ್‌ಸೆಟ್ ಟೈಪ್ ಸ್ನ್ಯಾಪ್‌ಶಾಟ್ (ಓದೋಕೆ ಮಾತ್ರ ಇರೋ ನಕಲು) ಆಗಿದ್ರೂ ಇದೇ ಕಥೆ.

ಎಕ್ಸ್‌ಪ್ರೆಶನ್‌ಗೆ ಬೌಂಡ್ ಆಗಿದೆ ಅಂತ ಬಂದ್ರೆ ಕಂಟ್ರೋಲ್ ಸೋರ್ಸ್ (ಬಾಕ್ಸ್ ಯಾವ ಫೀಲ್ಡ್‌ಗೆ ಸೇರಿದ್ದು ಅನ್ನೋ ಪ್ರಾಪರ್ಟಿ) ಸಮ ಚಿಹ್ನೆಯಿಂದ ಶುರುವಾಗಿದೆ, ಅದು ಲೆಕ್ಕ ಹಾಕಿ ತೋರ್ಸೋ ಬಾಕ್ಸ್, ಬರೆಯೋದಲ್ಲ.

ಏನೂ ಬರ್ಲಿಲ್ಲ ಅಂದ್ರೆ ಕಾಂಬೋದ ಲಾಕ್ಡ್ ಪ್ರಾಪರ್ಟಿ, ಫಾರ್ಮ್‌ನ ಅಲೋ ಎಡಿಟ್ಸ್ ಎರಡನ್ನೂ ನೋಡಿ. ಅಲೋ ಎಡಿಟ್ಸ್ ನೋ ಮಾಡಿದ್ರೆ ಟೇಬಲ್‌ಗೆ ಸಂಬಂಧ ಇಲ್ಲದ ಸರ್ಚ್ ಕಾಂಬೋ ಕೂಡ ನಿಂತೋಗತ್ತೆ, ಇದು ತುಂಬಾ ಜನರನ್ನ ಸತಾಯಿಸಿದೆ. ಸರ್ಚ್ ಮಾತ್ರ ನಡೀಬೇಕು ಅಂದ್ರೆ ಅಲೋ ಎಡಿಟ್ಸ್ ಯೆಸ್ ಇಟ್ಟು ಉಳಿದ ಕಂಟ್ರೋಲ್‌ಗಳನ್ನ ಒಂದೊಂದಾಗಿ ಲಾಕ್ ಮಾಡಿ.

ನೆಟ್‌ವರ್ಕ್ ಫೋಲ್ಡರ್‌ನಲ್ಲಿರೋ ಫೈಲ್ ಆದ್ರೆ ಆ ಫೋಲ್ಡರ್‌ಗೇ ಬರೆಯೋ ಪರ್ಮಿಷನ್ ಇದೆಯಾ ನೋಡಿ, ಬರೀ ಫೈಲ್‌ಗೆ ಇದ್ರೆ ಸಾಲದು. ಆಕ್ಸೆಸ್ ತೆಗೆದಾಗ ಪಕ್ಕದಲ್ಲೇ ಒಂದು ಲಾಕ್ ಫೈಲ್ ಹುಟ್ಕೊಳತ್ತೆ, ಅದನ್ನ ಮಾಡೋಕೆ ಬಿಡ್ಲಿಲ್ಲ ಅಂದ್ರೆ ಡೇಟಾಬೇಸ್ ರೀಡ್ ಓನ್ಲಿ ಆಗಿ ತೆರೆಯತ್ತೆ.

ರೆಕಾರ್ಡ್ ಹುಡುಕೋಕೆ ಅಂತ ಕಾಂಬೋದಲ್ಲಿ ಹೆಸರು ಬದಲಾಯಿಸಿದೆ, ಇದ್ದ ರೆಕಾರ್ಡೇ ಬದಲಾಗೋಯ್ತು!

ಇದು ಡೇಟಾ ಹಾಳು ಮಾಡೋ ಅಂಥದ್ದು, ಇವತ್ತೇ ಸರಿ ಮಾಡಿ. ಹುಡುಕೋ ಕಾಂಬೋಗೆ ಕಂಟ್ರೋಲ್ ಸೋರ್ಸ್ ಇರಲೇಬಾರದು, ಖಾಲಿ ಬಿಡ್ಬೇಕು. ಅಲ್ಲಿ ಫೀಲ್ಡ್ ಹೆಸರು ಇದ್ರೆ ನೀವು ಹುಡುಕ್ತಿಲ್ಲ, ಈಗ ಕಣ್ಮುಂದೆ ಇರೋ ರೆಕಾರ್ಡಿನ ಹೆಸರನ್ನ ತಿದ್ತಿದೀರ. ಕಾಂಬೋ ವಿಝಾರ್ಡ್‌ನಲ್ಲಿ ಫಾರ್ಮ್‌ನ ರೆಕಾರ್ಡ್ ಹುಡುಕೋಕೆ ಅಂತಾನೇ ಮೂರನೇ ಆಯ್ಕೆ ಇದೆ, ಅದನ್ನ ಬಳಸಿದ್ರೆ ಸರಿಯಾಗಿ ಕಟ್ಕೊಡತ್ತೆ (ಫಾರ್ಮ್ ಒಂದು ಟೇಬಲ್‌ಗೋ ಕ್ವೆರಿಗೋ ಬೌಂಡ್ ಆಗಿದ್ರೆ ಮಾತ್ರ ಆ ಆಯ್ಕೆ ಕಾಣೋದು). ಸರ್ಚ್ ಕಾಂಬೋ ಅನ್ನ ಫಾರ್ಮ್ ಹೆಡರ್‌ನಲ್ಲಿ ಬೇರೆ ಬಣ್ಣ ಕೊಟ್ಟು ಇಡಿ ಅನ್ನೋದು ನನ್ನ ಸಲಹೆ, ಎಂಟ್ರಿ ಮಾಡೋರು ಗಡಿಬಿಡಿಯಲ್ಲಿ ಒಂದಕ್ಕೊಂದು ಬೆರೆಸ್ಕೊಳಲ್ಲ.

ಒಂದು ಸಾಲಲ್ಲಿ ಆರಿಸಿದ್ರೆ ಎಲ್ಲಾ ಸಾಲಲ್ಲೂ ಅದೇ ಬರತ್ತೆ.

ಮೇಲಿಂದರ ಉಲ್ಟಾ. ಕಂಟಿನ್ಯುಯಸ್ ಫಾರ್ಮ್‌ನಲ್ಲಿ (ಹಲವು ರೆಕಾರ್ಡ್ ಒಂದರ ಕೆಳಗೊಂದು ಕಾಣೋ ಫಾರ್ಮ್) ಕಾಂಬೋಗೆ ಕಂಟ್ರೋಲ್ ಸೋರ್ಸ್ ಇಲ್ಲ, ಫೀಲ್ಡ್ ಹೆಸರು ಕೊಡಿ, ಸರಿ ಹೋಗತ್ತೆ.

ಮೊದಲ ಕಾಂಬೋದಲ್ಲಿ ಗುಂಪು ಆರಿಸಿದ್ರೆ ಎರಡನೇದ್ರಲ್ಲಿ ಆ ಗುಂಪಿನ ಐಟಂ ಮಾತ್ರ ಬರ್ಬೇಕು. ಮೊದಲ ಸಲ ಸರಿಯಾಗಿ ಬರತ್ತೆ, ಆಮೇಲೆ ಹಳೇ ಲಿಸ್ಟೇ ಕೂತಿರತ್ತೆ.

ಕಾಂಬೋ ತನ್ನ ಲಿಸ್ಟ್ ಅನ್ನ ಒಂದ್ಸಲ ತಂದಿಟ್ಕೊಂಡ್ರೆ ನೀವು ಹೇಳೋವರೆಗೂ ಮತ್ತೆ ತರೋಕೆ ಹೋಗಲ್ಲ. ಹಾಗಾಗಿ ಮೊದಲ ಕಾಂಬೋದ ಆಫ್ಟರ್ ಅಪ್‌ಡೇಟ್ ಇವೆಂಟ್‌ನಲ್ಲಿ ಎರಡು ಕೆಲಸ ಮಾಡ್ಬೇಕು: ಎರಡನೇ ಕಾಂಬೋದ ವ್ಯಾಲ್ಯೂ ಅನ್ನ ನಲ್ (ಅಂದ್ರೆ ಖಾಲಿ) ಮಾಡೋದು, ಆಮೇಲೆ ಅದನ್ನ ರೀಕ್ವೆರಿ ಮಾಡೋದು (ಲಿಸ್ಟ್ ಮತ್ತೆ ತರ್ಸೋದು). ನಲ್ ಮಾಡೋದು ಮರೆತ್ರೆ ಏನಾಗತ್ತೆ ಅಂದ್ರೆ ಗುಂಪು ಬದಲಾದ್ರೂ ಹಳೇ ಐಟಂನ ಐಡಿ ಒಳಗಡೆ ಹಾಗೇ ಉಳಿದು, ಬಾಕ್ಸ್ ಖಾಲಿ ಕಾಣತ್ತೆ, ಎಂಟ್ರಿ ಮಾಡೋರು ಖಾಲಿನೇ ಇದೆ ಅಂದ್ಕೊಂಡು ಸೇವ್ ಮಾಡ್ತಾರೆ, ಟೇಬಲ್‌ನಲ್ಲಿ ಸಂಬಂಧವೇ ಇಲ್ಲದ ಜೋಡಿ ಸೇರ್ಕೊಂಡಿರತ್ತೆ.

ಅದೇ ರೀಕ್ವೆರಿಯನ್ನ ಫಾರ್ಮ್‌ನ ಆನ್ ಕರೆಂಟ್ ಇವೆಂಟಲ್ಲೂ ಹಾಕಿ, ಆದ್ರೆ ಅಲ್ಲಿ ನಲ್ ಮಾಡ್ಬೇಡಿ ದಯವಿಟ್ಟು! ಆನ್ ಕರೆಂಟ್ ಅಂದ್ರೆ ಒಂದು ರೆಕಾರ್ಡಿಂದ ಇನ್ನೊಂದಕ್ಕೆ ಹೋದಾಗೆಲ್ಲ ನಡಿಯೋದು, ಅಲ್ಲಿ ನಲ್ ಮಾಡಿದ್ರೆ ನೋಡ್ತಾ ನೋಡ್ತಾ ಹೋದ ರೆಕಾರ್ಡೆಲ್ಲ ಅಳಿಸ್ಕೊಂಡೇ ಹೋಗ್ತೀರ.

ಅದೇ ಜೋಡಿ ಕಾಂಬೋ ಕಂಟಿನ್ಯುಯಸ್ ಫಾರ್ಮ್‌ನಲ್ಲಿ ಹಾಕಿದೆ. ನಾನಿರೋ ಸಾಲು ಬಿಟ್ಟು ಬೇರೆ ಸಾಲಲ್ಲೆಲ್ಲ ಹೆಸರು ಮಾಯ.

ಡೇಟಾ ಎಲ್ಲೂ ಹೋಗಿಲ್ಲ, ಹೆದರ್ಬೇಡಿ. ಕಂಟಿನ್ಯುಯಸ್ ಫಾರ್ಮ್‌ನಲ್ಲಿ ಹತ್ತು ಸಾಲು ಕಂಡ್ರೂ ಕಾಂಬೋ ಇರೋದು ಒಂದೇ, ಅದಕ್ಕಿರೋ ಲಿಸ್ಟೂ ಒಂದೇ. ಈಗಿನ ಸಾಲಿಗೆ ತಕ್ಕಂತೆ ಲಿಸ್ಟ್ ಸಣ್ಣದಾದ ತಕ್ಷಣ ಬೇರೆ ಸಾಲುಗಳ ಐಡಿಗೆ ಹೆಸರು ಸಿಗಲ್ಲ, ಖಾಲಿ ಕಾಣತ್ತೆ.

ದಾರಿ ಇದೆ. ಕಾಂಬೋ ಮೇಲೆ, ಬಾಣದ ಗುರುತು ಮಾತ್ರ ಬಿಟ್ಟು, ಒಂದು ಟೆಕ್ಸ್ಟ್ ಬಾಕ್ಸ್ ಮುಚ್ಚಿ, ಅದಕ್ಕೆ ಐಟಂ ಹೆಸರನ್ನ ಫಾರ್ಮ್‌ನ ಕ್ವೆರಿಯಿಂದ ಕೊಡಿ (ಐಟಂ ಟೇಬಲ್ ಅನ್ನ ಲೆಫ್ಟ್ ಜಾಯಿನ್ ಮಾಡಿ, ಇಲ್ಲಿ ಮಾತ್ರ ಜಾಯಿನ್ ಒಪ್ಕೋಬಹುದು), ಟೆಕ್ಸ್ಟ್ ಬಾಕ್ಸ್ ಅನ್ನ ಲಾಕ್ ಮಾಡಿ, ಅದರ ಮೇಲೆ ಫೋಕಸ್ ಬಂದ್ರೆ ಕಾಂಬೋಗೆ ದಾಟಿಸಿ. ಇನ್ನೊಂದು ದಾರಿ, ಕಾಂಬೋಗೆ ಫೋಕಸ್ ಬಂದಾಗ ಮಾತ್ರ ಲಿಸ್ಟ್ ಫಿಲ್ಟರ್ ಮಾಡಿ, ಹೊರಗೆ ಹೋಗೋವಾಗ ಮತ್ತೆ ಪೂರ್ತಿ ಲಿಸ್ಟ್ ಕೊಡೋದು. ಎರಡನೇದು ಸುಲಭ, ಆದ್ರೆ ಒಂದು ಕ್ಷಣ ಬೇರೆ ಸಾಲುಗಳು ಮಿಣುಕ್ ಮಿಣುಕ್ ಅಂತವೆ, ನೋಡೋರಿಗೆ ಅನುಮಾನ ಬರತ್ತೆ. ನನ್ನ ಕೇಳಿದ್ರೆ ಮೊದಲ್ನೇದೇ ಮಾಡಿ.

ಬಳಕೆಯಲ್ಲಿಲ್ಲದ ಐಟಂಗಳನ್ನ ಲಿಸ್ಟಿಂದ ತೆಗೆದೆ, ಹಳೇ ರೆಕಾರ್ಡ್‌ಗಳಲ್ಲಿ ಬಾಕ್ಸ್ ಖಾಲಿ ಆಯ್ತು.

ಕಾರಣ ಮೇಲಿಂದೇ, ಐಡಿ ಇದೆ, ಲಿಸ್ಟಲ್ಲಿ ಅದಕ್ಕೆ ಹೆಸರಿಲ್ಲ. ಮಾಸ್ಟರ್ ಟೇಬಲ್‌ನಿಂದಲೇ (ಲಿಸ್ಟಿನ ಹೆಸರುಗಳಿರೋ ಮೂಲ ಟೇಬಲ್) ಸಾಲು ಡಿಲೀಟ್ ಮಾಡಿದ್ರೆ ತಕ್ಷಣ ಬ್ಯಾಕಪ್‌ನಿಂದ ವಾಪಸ್ ತನ್ನಿ, ಇಂಥ ಸಾಲುಗಳನ್ನ ಡಿಲೀಟ್ ಮಾಡೋದಲ್ಲ, "ಚಾಲ್ತಿಯಲ್ಲಿದೆ" ಅನ್ನೋ ಯೆಸ್/ನೋ ಫೀಲ್ಡ್ ಇಟ್ಟು ಟಿಕ್ ತೆಗೆಯೋದು. ಆಮೇಲೆ ಲಿಸ್ಟಿಂದ ಅವನ್ನ ಪೂರ್ತಿ ಫಿಲ್ಟರ್ ಮಾಡೋ ಬದಲು, ಚಾಲ್ತಿ ಇರೋದು ಮೇಲೆ, ಇಲ್ಲದ್ದು ಕೊನೆಗೆ ಬರೋ ಹಾಗೆ ಸಾರ್ಟ್ ಮಾಡಿ, ಕೊನೆಯವಕ್ಕೆ ಹೆಸರಿನ ಹಿಂದೆ ಒಂದು ಗುರುತು ಸೇರಿಸಿ. ಹೊಸ ಎಂಟ್ರಿಗೆ ಅದನ್ನ ಆರಿಸಿದ್ರೆ ಬಿಫೋರ್ ಅಪ್‌ಡೇಟ್‌ನಲ್ಲಿ ತಡೀರಿ. ಹಳೇದು ಕಾಣತ್ತೆ, ಹೊಸದಕ್ಕೆ ಸಿಗಲ್ಲ.

ಲಿಸ್ಟಲ್ಲಿಲ್ಲದ ಹೆಸರು ಟೈಪ್ ಮಾಡಿದ್ರೆ "ಇದು ಲಿಸ್ಟಲ್ಲಿಲ್ಲ" ಅನ್ನತ್ತೆ. ಲಿಮಿಟ್ ಟು ಲಿಸ್ಟ್ ನೋ ಮಾಡ್ಬಿಡ್ಲಾ?

ಬೇಡ. ಮಾಡಿದ್ರೆ ಒಂದೇ ಹೆಸರು ನಾಲ್ಕು ಥರ ಸ್ಪೆಲಿಂಗಲ್ಲಿ ಸೇರ್ಕೊಳತ್ತೆ, ಆಮೇಲೆ ಅದನ್ನ ಒಟ್ಟು ಮಾಡೋ ಕೆಲಸ ನಿಮ್ಮ ತಲೆಗೇ ಬರೋದು. ಅಷ್ಟಕ್ಕೂ ಐಡಿ ಕಾಲಂ ಬಚ್ಚಿಟ್ಟಿರೋ ಕಾಂಬೋದಲ್ಲಿ ಆಕ್ಸೆಸ್ ನೋ ಮಾಡೋಕೆ ಬಿಡಲ್ಲ, ಯಾಕಂದ್ರೆ ನೀವು ಟೈಪ್ ಮಾಡಿದ ಹೆಸರಿಗೆ ಐಡಿ ಎಲ್ಲಿಂದ ತರೋದು ಅದು?

ಹೊಸ ಹೆಸರು ಸೇರಿಸೋಕೆ ಸರಿಯಾದ ಜಾಗ ನಾಟ್ ಇನ್ ಲಿಸ್ಟ್ ಇವೆಂಟ್, ಲಿಮಿಟ್ ಟು ಲಿಸ್ಟ್ ಯೆಸ್ ಇದ್ದಾಗ ಮಾತ್ರ ಇದು ನಡೆಯತ್ತೆ. "ಇದನ್ನ ಲಿಸ್ಟಿಗೆ ಸೇರಿಸ್ಲಾ?" ಅಂತ ಕೇಳಿ, ಹೂಂ ಅಂದ್ರೆ ಮಾಸ್ಟರ್ ಟೇಬಲ್‌ಗೆ ಸಾಲು ಹಾಕಿ, ರೆಸ್ಪಾನ್ಸ್ ಅನ್ನೋ ಆರ್ಗ್ಯುಮೆಂಟ್‌ಗೆ ಎಸಿ ಡೇಟಾ ಎರರ್ ಆಡೆಡ್ ಅನ್ನೋ ಕಾನ್‌ಸ್ಟಂಟ್ ಕೊಡಿ. ಕೊಟ್ರೆ ಕಾಂಬೋ ತಾನೇ ರೀಕ್ವೆರಿ ಮಾಡ್ಕೊಂಡು ಹೊಸ ಹೆಸರನ್ನ ಒಪ್ಕೊಳತ್ತೆ, ಕೊಡೋದು ಮರೆತ್ರೆ ಸಾಲು ಸೇರಿದ್ರೂ ಹಳೇ ಬೈಗುಳದ ಮೆಸೇಜ್ ಬರ್ತಾನೇ ಇರತ್ತೆ. ಕೋಡ್ ಬೇಡ ಅನ್ನೋರು ಲಿಸ್ಟ್ ಐಟಮ್ಸ್ ಎಡಿಟ್ ಫಾರ್ಮ್ ಪ್ರಾಪರ್ಟಿಗೆ ಮಾಸ್ಟರ್ ಟೇಬಲ್‌ನ ಫಾರ್ಮ್ ಹೆಸರು ಕೊಡಬಹುದು, ಅಷ್ಟು ನಾಜೂಕಿಲ್ಲ ಆದ್ರೂ ಕೆಲಸ ಆಗತ್ತೆ.

ಹೆಸರು ಲಿಸ್ಟಲ್ಲಿದ್ರೂ ಇಲ್ಲ ಅಂತಿದ್ರೆ? ಹೆಸರಿನ ಮುಂದೋ ನಡುವೆಯೋ ಒಂದು ಎಕ್ಸ್‌ಟ್ರಾ ಸ್ಪೇಸ್ ಇದೆ, ಬೇರೆ ಕಡೆಯಿಂದ ಕಾಪಿ ಮಾಡಿ ತುಂಬಿದ ಡೇಟಾದಲ್ಲಿ ಇದು ಮಾಮೂಲಿ. ಕನ್ನಡದಲ್ಲಿ ಹೆಸರು ಇದ್ರೆ ಕಣ್ಣಿಗೆ ಕಾಣದ ಜಾಯಿನರ್ ಅಕ್ಷರಗಳೂ ಇದೇ ಥರ ಕಾಟ ಕೊಡ್ತವೆ, ನೋಡೋಕೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ.

ಬೇರೆಯವರು ಸೇರಿಸಿದ ಐಟಂ ನನ್ನ ಸ್ಕ್ರೀನಲ್ಲಿ ಬರ್ತಿಲ್ಲ.

ಕಾಂಬೋ ಮೇಲೆ ಕರ್ಸರ್ ಇಟ್ಟು ಎಫ್ 9 ಒತ್ತಿ, ಲಿಸ್ಟ್ ಹೊಸದಾಗತ್ತೆ. ಅದಕ್ಕೂ ಬರ್ಲಿಲ್ಲ ಅಂದ್ರೆ ಅವರಿನ್ನೂ ಆ ರೆಕಾರ್ಡ್ ಸೇವ್ ಮಾಡಿಲ್ಲ (ಪಕ್ಕದಲ್ಲಿ ಪೆನ್ಸಿಲ್ ಗುರುತು ಇದ್ರೆ ಸೇವ್ ಆಗಿಲ್ಲ ಅಂತ), ಇಲ್ಲಾ ನೀವಿಬ್ರೂ ಬೇರೆ ಬೇರೆ ಬ್ಯಾಕ್ ಎಂಡ್ ಫೈಲ್‌ಗೆ (ಟೇಬಲ್‌ಗಳಿರೋ ಫೈಲ್) ಲಿಂಕ್ ಆಗಿದೀರ, ಲಿಂಕ್ಡ್ ಟೇಬಲ್ ಮ್ಯಾನೇಜರ್‌ನಲ್ಲಿ ದಾರಿ ಹೋಲಿಸಿ ನೋಡಿ.

ಕಾಂಬೋ ಮುಟ್ಟೇ ಇಲ್ಲ, ಸೇವ್ ಮಾಡೋಕೆ ಹೋದ್ರೆ ಇನ್ನೊಂದು ಟೇಬಲ್‌ನಲ್ಲಿ ಸಂಬಂಧಪಟ್ಟ ರೆಕಾರ್ಡ್ ಬೇಕು ಅಂತ ಎರರ್.

ಆ ಫೀಲ್ಡ್‌ನ ಡೀಫಾಲ್ಟ್ ವ್ಯಾಲ್ಯೂ 0 ಇದೆಯಾ ನೋಡಿ, ಟೇಬಲ್‌ನಲ್ಲೂ ಕಾಂಬೋದಲ್ಲೂ. 0 ಅನ್ನೋ ಐಡಿ ಮಾಸ್ಟರ್ ಟೇಬಲ್‌ನಲ್ಲಿ ಇಲ್ಲ, ರೆಫರೆನ್ಷಿಯಲ್ ಇಂಟೆಗ್ರಿಟಿ (ಮಾಸ್ಟರ್‌ನಲ್ಲಿ ಇಲ್ಲದ ಐಡಿ ಸೇರದ ಹಾಗೆ ತಡೆಯೋ ನಿಯಮ) ಬಿಡಲ್ಲ. 0 ಅಳಿಸಿ ಖಾಲಿ ಬಿಡಿ. ಕೆಲವರು ಈ ಎರರ್ ತಪ್ಪಿಸೋಕೆ ರಿಲೇಷನ್‌ಶಿಪ್ಪೇ ಕಿತ್ತಾಕ್ತಾರೆ, ಅದು ಬಾಗಿಲು ಕಿರ್ ಅನ್ನತ್ತೆ ಅಂತ ಬಾಗಿಲನ್ನೇ ಕಿತ್ತ ಹಾಗೆ.

ಲಿಸ್ಟ್ ತುಂಬಾ ದೊಡ್ಡದು, ತೆರೆಯೋಕೆ ಟೈಮ್ ತಗೊಳತ್ತೆ, ಕೊನೇ ಹೆಸರುಗಳು ಬರೋದೇ ಇಲ್ಲ.

ಆಕ್ಸೆಸ್ ಕಾಂಬೋ ಸುಮಾರು 65 ಸಾವಿರ ಸಾಲಿಗಿಂತ ಜಾಸ್ತಿ ತೋರ್ಸಲ್ಲ. ಅದಕ್ಕಿಂತ ಎಷ್ಟೋ ಮುಂಚೆನೇ ಮನುಷ್ಯರಿಗೆ ಅದು ಉಪಯೋಗಕ್ಕೆ ಬರಲ್ಲ ಅನ್ನೋದು ಬೇರೆ ಮಾತು. ಶುರುವಲ್ಲಿ ರೋ ಸೋರ್ಸ್ ಖಾಲಿ ಇಟ್ಟು, ಮೂರು ಅಕ್ಷರ ಟೈಪ್ ಆದ್ಮೇಲೆ ಆನ್ ಚೇಂಜ್ ಇವೆಂಟಲ್ಲಿ ಆ ಅಕ್ಷರಗಳಿಂದ ಶುರುವಾಗೋದನ್ನ ಮಾತ್ರ ತನ್ನಿ. ಕೋಡಲ್ಲಿ ಅಲ್ಲಿ ಟೆಕ್ಸ್ಟ್ ಪ್ರಾಪರ್ಟಿ ಓದಿ, ವ್ಯಾಲ್ಯೂ ಇನ್ನೂ ಬದಲಾಗಿರಲ್ಲ. ಇಷ್ಟೆಲ್ಲಾ ಬೇಡ ಅಂದ್ರೆ ಮೇಲೆ ಹೇಳಿದ ಜೋಡಿ ಕಾಂಬೋನೇ ಸಾಕು. ಹೆಸರಿನ ಫೀಲ್ಡ್‌ಗೆ ಇಂಡೆಕ್ಸ್ ಇದೆಯಾ ಅಂತಾನೂ ನೋಡಿ.

ನನ್ನ ಕಂಪ್ಯೂಟರಲ್ಲಿ ಸರಿ ಇದೆ, ಬೇರೆ ಕಂಪ್ಯೂಟರಲ್ಲಿ ಎರಡನೇ ಕಾಂಬೋ ಬದಲಾಗೋದೇ ಇಲ್ಲ.

ಅಲ್ಲಿ ಕೋಡೇ ಓಡ್ತಿಲ್ಲ. ಮೇಲೆ ಹಳದಿ ಪಟ್ಟಿಯಲ್ಲಿ ಎನೇಬಲ್ ಕಂಟೆಂಟ್ ಅಂತ ಬಂದಿರತ್ತೆ, ಯಾರೋ ಕ್ಲೋಸ್ ಮಾಡಿರ್ತಾರೆ. ಫೈಲ್ ಇರೋ ಫೋಲ್ಡರ್ ಅನ್ನ ಟ್ರಸ್ಟ್ ಸೆಂಟರ್‌ನಲ್ಲಿ ಟ್ರಸ್ಟೆಡ್ ಲೊಕೇಷನ್ ಮಾಡಿ. ಮೇಲ್‌ನಲ್ಲಿ ಬಂದ ಫೈಲ್ ಆದ್ರೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಕೂಡ ಟಿಕ್ ಮಾಡ್ಬೇಕು. ಯಾವ ಕಂಪ್ಯೂಟರಲ್ಲೂ ಓಡ್ತಿಲ್ಲ ಅಂದ್ರೆ ಇವೆಂಟ್ ಟ್ಯಾಬ್‌ನಲ್ಲಿ ಆಫ್ಟರ್ ಅಪ್‌ಡೇಟ್ ಮುಂದೆ ಇವೆಂಟ್ ಪ್ರೊಸೀಜರ್ ಅಂತ ಇದೆಯಾ ನೋಡಿ, ಕಾಂಬೋ ಕಾಪಿ ಪೇಸ್ಟ್ ಮಾಡಿದಾಗಲೂ ಹೆಸರು ಬದಲಾಯಿಸಿದಾಗಲೂ ಆ ಕೊಂಡಿ ಕಳಚಿಕೊಳತ್ತೆ.

ಟೇಬಲ್‌ನಲ್ಲೇ ಲುಕಪ್ ಫೀಲ್ಡ್ ಮಾಡ್ಬಹುದಾ? ಒಂದ್ರಲ್ಲೇ ಹಲವು ಆಯ್ಕೆ ಇಡ್ಬಹುದಾ?

ಎರಡೂ ಆಗತ್ತೆ, ಎರಡೂ ಮಾಡ್ಬೇಡಿ ಅಂತೀನಿ. ಟೇಬಲ್‌ನಲ್ಲಿ ಲುಕಪ್ ಹಾಕಿದ್ರೆ ಅಲ್ಲೂ ಹೆಸರೇ ಕಾಣತ್ತೆ, ಒಳಗೆ ನಂಬರ್ ಇರೋದು ಮರ್ತೋಗತ್ತೆ, ಆಮೇಲೆ ಕ್ವೆರಿಯಲ್ಲಿ ಹೆಸರು ಕೊಟ್ಟು ಹುಡುಕಿ ಏನೂ ಸಿಗ್ತಿಲ್ಲ ಅಂತ ಒದ್ದಾಡೋದು. ಕಾಂಬೋ ಫಾರ್ಮ್‌ನಲ್ಲಿರ್ಲಿ. ಹಲವು ಆಯ್ಕೆಯ ಫೀಲ್ಡ್ 2007ರ ಆಕ್ಸೆಸ್‌ನಲ್ಲಿ ಬಂತು, ಟಿಕ್ ಬಾಕ್ಸ್ ಇರೋ ಲಿಸ್ಟ್ ನೋಡೋಕೆ ಚೆನ್ನ, ಆದ್ರೆ ಒಂದ್ಸಲ ಸೇವ್ ಮಾಡಿದ್ರೆ ಹಿಂದಕ್ಕೆ ಬರೋಕಾಗಲ್ಲ, ಬೇರೆ ಡೇಟಾಬೇಸ್‌ಗೆ ಸಾಗಿಸೋವಾಗ ತಲೆನೋವು. ಬೇರೆ ಟೇಬಲ್ ಮಾಡಿ ಸಬ್‌ಫಾರ್ಮ್ ಹಾಕಿ.

ವ್ಯಾಲ್ಯೂ ಲಿಸ್ಟ್ ಬಗ್ಗೆನೂ ಕೇಳ್ತಾರೆ. ಹೌದು/ಇಲ್ಲ/ಗೊತ್ತಿಲ್ಲ ಥರ ಯಾವತ್ತೂ ಬದಲಾಗದ ಪುಟ್ಟ ಲಿಸ್ಟಿಗೆ ಸರಿ, ಮಿಕ್ಕಿದ್ದಕ್ಕೆಲ್ಲ ಟೇಬಲ್.

ಲಿಬ್ರೆಆಫೀಸ್ ಬೇಸ್‌ನಲ್ಲಿ ಕಾಂಬೋ ಹಾಕಿದೆ, ಐಡಿ ಬದಲು ಹೆಸರೇ ಸೇವ್ ಆಗ್ತಿದೆ.

ಅಲ್ಲಿ ಕಾಂಬೋ ಬಾಕ್ಸ್ ಅಂದ್ರೆ ಕಾಣೋ ಅಕ್ಷರವನ್ನೇ ಬರೆಯೋ ಬಾಕ್ಸ್. ನಿಮಗೆ ಬೇಕಿರೋದು ಲಿಸ್ಟ್ ಬಾಕ್ಸ್, ಡ್ರಾಪ್‌ಡೌನ್ ಯೆಸ್ ಮಾಡಿದ್ರೆ ನೋಡೋಕೂ ಹಾಗೇ ಇರತ್ತೆ. ಕ್ವೆರಿಯಲ್ಲಿ ಹೆಸರು ಮೊದಲು, ಐಡಿ ಎರಡನೇದು ಬರ್ಬೇಕು, ಬೌಂಡ್ ಫೀಲ್ಡ್ 1, ಯಾಕಂದ್ರೆ ಅಲ್ಲಿ ಎಣಿಕೆ 0ಯಿಂದ. ಆಕ್ಸೆಸ್ ಅಭ್ಯಾಸ ಇರೋರು ಇಲ್ಲೇ ಎಡವೋದು.

ತಪ್ಪಾಗಿ ಆರಿಸ್ಬಿಟ್ಟೆ, ಖಾಲಿ ಮಾಡೋದು ಹೇಗೆ? ಮೌಸ್ ಇಲ್ದೇ ಬಳಸೋದು ಹೇಗೆ?

ಬಾಕ್ಸ್ ಒಳಗಿನ ಅಕ್ಷರ ಪೂರ್ತಿ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ, ಫೀಲ್ಡ್ ರಿಕ್ವೈರ್ಡ್ ಅಲ್ದಿದ್ರೆ ಖಾಲಿ ಉಳಿಯತ್ತೆ. ಈಗಷ್ಟೇ ಬದಲಾಯಿಸಿದ್ದು ವಾಪಸ್ ಬೇಕು ಅಂದ್ರೆ ಎಸ್ಕೇಪ್ ಒಂದ್ಸಲ ಒತ್ತಿದ್ರೆ ಆ ಫೀಲ್ಡ್, ಇನ್ನೊಂದ್ಸಲ ಒತ್ತಿದ್ರೆ ಇಡೀ ರೆಕಾರ್ಡ್ ಹಿಂದಿನ ಸ್ಥಿತಿಗೆ ಬರತ್ತೆ, ಸೇವ್ ಆಗೋಕೆ ಮುಂಚೆ ಮಾತ್ರ. ಲಿಸ್ಟ್ ಬಿಚ್ಚೋಕೆ ಎಫ್ 4 ಅಥವಾ ಆಲ್ಟ್ ಜೊತೆ ಕೆಳಗಿನ ಬಾಣ. ಆಟೋ ಎಕ್ಸ್‌ಪ್ಯಾಂಡ್ ಯೆಸ್ ಇದ್ರೆ ಬಿಚ್ಚೋದೂ ಬೇಡ, ಹೆಸರಿನ ಮೊದಲ ಎರಡು ಮೂರು ಅಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿ ಮುಂದಕ್ಕೆ ಹೋಗ್ತಾ ಇರಿ.